4,29,49,67,297 ಎಂಬ ಸಂಖ್ಯೆಯ ವಿಭಾಜ್ಯತೆ

2ನ್ನು 1, 2, 4, 8, 16 ಎಂಬ ಘಾತಗಳಿಗೆ ಏರಿಸಿ 1ನ್ನು ಕೂಡಿಸಿದರೆ ಕ್ರಮವಾಗಿ 3, 5, 17, 257, 65,537 ದೊರೆಯುತ್ತವೆ. ಇವೆಲ್ಲವೂ ಅವಿಭಾಜ್ಯಗಳು. ಘಾತವು ಹೀಗೆ ಇಮ್ಮಡಿಯಾಗುತ್ತ ಹೋದಂತೆ ದೊರೆಯುವ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಆಗಿರುವುವೆಂದು ಫ್ರಾನ್ಸಿನ ಫರ್ಮಾ 1640ರಲ್ಲಿ ಊಹಿಸಿದನು. ಮುಂದಿನ ಪದ 2³²+1, ಎಂದರೆ 4,29,49,67,297. ಇದು 641ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು ಆಯ್ಲರನು 1732ರಲ್ಲಿ ತೋರಿಸಿದನು.

ದೀರ್ಘ ಭಾಗಾಕಾರವಿಲ್ಲದೆಯೇ ನಾವು ಇದನ್ನು ಸಾಧಿಸಬಹುದು. 641 = 5×2⁷+1 ಆದುದರಿಂದ, 5×2⁷ನ್ನು 641ರಿಂದ ಭಾಗಿಸಿದಾಗ ಶೇಷವು −1 ಎಂದೆಣಿಸೋಣ. ಆಗ ಅದರ ನಾಲ್ಕನೆಯ ಘಾತವಾದ 5⁴×2²⁸ರ ಶೇಷ 1. ಆದರೆ 641 = 5⁴+2⁴ ಕೂಡ ಆಗಿರುವುದರಿಂದ, ಶೇಷದ ಗಣನೆಯಲ್ಲಿ 5⁴ಕ್ಕೆ ಬದಲಾಗಿ −2⁴ನ್ನು ಇಡಬಹುದು. ಆಗ −2³²ರ ಶೇಷ 1 ಆಗುತ್ತದೆ. ಎಂದರೆ 2³²+1 ಎಂಬುದು 641ರ ಅಪವರ್ತ್ಯ. ಇನ್ನೊಂದು ಅಪವರ್ತನವಾದ 67,00,417 ಅವಿಭಾಜ್ಯವೇ ಆಗಿದೆ.

ಐದು ನಿದರ್ಶನಗಳು ಸಮರ್ಥಿಸಿದ ಊಹೆಯನ್ನು ಆರನೆಯದು ಅಲ್ಲಗಳೆಯಿತು. ಈ ಶ್ರೇಣಿಯಲ್ಲಿ ಮೊದಲ ಐದನ್ನುಳಿದು ಬೇರೊಂದು ಅವಿಭಾಜ್ಯವು ಇದುವರೆಗೂ ದೊರೆತಿಲ್ಲ. ಇಲ್ಲವೇ ಇಲ್ಲವೆಂದು ಯಾರೂ ಸಾಧಿಸಿಯೂ ಇಲ್ಲ. ಐದು ನಿದರ್ಶನಗಳನ್ನು ನಂಬಿ ಕೆಟ್ಟ ನಾವು ಈ ಎರಡನೆಯ ಊಹೆಯನ್ನೂ ಊಹೆಯೆಂದೇ ಕರೆಯಬೇಕು.