ಹದಿನಾಲ್ಕು ತುಂಬಿದರೂ ದನಿ ಒಡೆದಿಲ್ಲವೇ?



ಕಾರ್ಯಕ್ರಮ ಮುಗಿದ ಮೇಲೆ ಬರುವ ಫೋನುಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳು. ಮೊನ್ನೆ ತಾಯಿಯೊಬ್ಬರು ಬೇರೆಯೇ ಮಾತು ತೆಗೆದರು. "ಮಗನಿಗೆ ಹದಿನೈದು ಸಾರ್. ದನಿ ಇನ್ನೂ ಹುಡುಗೀರ ಥರ. ಗೆಳೆಯರು ಆಡಿಕೊಳ್ತಾರೆ ಅಂತ ಫೋನೇ ಎತ್ತಲ್ಲ, ಸ್ಕೂಲ್ ಟ್ರಿಪ್ಪಿಗೂ ಹೋಗಲ್ಲ." ದನಿಯನ್ನೇ ನಂಬಿ ಬದುಕುವ ನನಗೆ ಆ ಮಾತು ನಾಟಿತು.

ಹುಡುಗರಲ್ಲಿ ಹರೆಯ ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಶುರುವಾಗುತ್ತದೆ. ನಾವು ನೋಡುವುದು ಮೀಸೆ ಮತ್ತು ದನಿ. ಆದರೆ ಇವೆರಡೂ ನಿಧಾನವಾಗಿ ಬರುವ ಗುರುತುಗಳು. ಮೊದಲು ಬೆಳೆಯುವುದು ವೃಷಣ. ಅದನ್ನು ಅಳೆಯಲು ತಜ್ಞರ ಬಳಿ 1ರಿಂದ 25 ಮಿಲಿಲೀಟರ್ ಗಾತ್ರದ 12 ಮಣಿಗಳ ಸರವಿರುತ್ತದೆ. 4ರ ಮಣಿಯಷ್ಟಾದರೆ ಹರೆಯ ಶುರುವಾಯಿತೆಂದೇ ಅರ್ಥ. 14 ತುಂಬಿದರೂ ಅಷ್ಟಾಗದಿದ್ದರೆ ತಪಾಸಣೆ ಬೇಕು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಪ್ರಸಾರ ಕೇಂದ್ರ. ವೃಷಣ ರೇಡಿಯೋ ಸೆಟ್ಟು. ಕೇಂದ್ರ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ಹಿಡಿದು ಸೆಟ್ಟು ಟೆಸ್ಟೋಸ್ಟಿರಾನ್ ತಯಾರಿಸಬೇಕು. ಬೆಳಗಿನ ರಕ್ತಪರೀಕ್ಷೆಯಲ್ಲಿ ಆ ಎರಡು ಹಾರ್ಮೋನು ಬಹಳ ಹೆಚ್ಚಿದ್ದರೆ ತೊಂದರೆ ಸೆಟ್ಟಿನಲ್ಲಿ. ಕಡಿಮೆ ಇದ್ದರೆ ಕೇಂದ್ರ ಕೆಟ್ಟಿರಬಹುದು, ಇಲ್ಲವೇ ಪ್ರಸಾರ ಇನ್ನೂ ಶುರುವಾಗಿಲ್ಲ, ಅಷ್ಟೇ.

ಹೆಚ್ಚಿನ ಹುಡುಗರದು ಈ ಕೊನೆಯ ಬಗೆ. ಇದು ರೋಗವಲ್ಲ, ಮನೆತನದ ರೂಢಿ. ಈ ಸಲ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ, ಅಪ್ಪನಿಗೆ ಮೀಸೆ ಚಿಗುರಿದ್ದು ಯಾವಾಗ, ಸೋದರಮಾವ ಎತ್ತರವಾದದ್ದು ಯಾವಾಗ ಎಂದು. ವೈದ್ಯರೂ ಇದನ್ನೇ ಮೊದಲು ಕೇಳುತ್ತಾರೆ. ಎಡಗೈಯ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ. ಹದಿನೈದರ ಹುಡುಗನ ಎಲುಬು ಹನ್ನೆರಡು-ಹದಿಮೂರರದಂತಿದ್ದರೆ ಬೆಳೆಯಲು ಇನ್ನೂ ಕಾಲವಿದೆ ಎಂದಾಯಿತು.

ಆದರೂ "ತಾನಾಗಿ ಸರಿಹೋಗುತ್ತೆ" ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಥೈರಾಯ್ಡ್ ಕೊರತೆ, ಅಪೌಷ್ಟಿಕತೆ, ಥಲಸ್ಸೀಮಿಯಾದಂಥ ದೀರ್ಘಕಾಲದ ಕಾಯಿಲೆಗಳೂ ಹರೆಯವನ್ನು ತಡೆಯುತ್ತವೆ. ಹುಡುಗನಿಗೆ ಕಾಫಿಯ ಘಮವೂ ತಿಳಿಯದಿದ್ದರೆ ವೈದ್ಯರಿಗೆ ಹೇಳಿ. ಕಾಲ್‌ಮನ್ ಸಿಂಡ್ರೋಮ್‌ನಲ್ಲಿ ವಾಸನೆಯೂ ಇಲ್ಲ, ಹರೆಯವೂ ಬರದು. ಪದೇಪದೇ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ತಡಮಾಡಲೇಬೇಡಿ.

ಚಿಕಿತ್ಸೆ? ಬರೀ ತಡವಾಗಿದ್ದರೆ ಆರು ತಿಂಗಳಿಗೊಮ್ಮೆ ಎತ್ತರ ಅಳೆಯುತ್ತಾ ಕಾಯುವುದೇ ಸಾಕಾಗಬಹುದು. ಹುಡುಗ ತೀರಾ ನೊಂದಿದ್ದರೆ ತಿಂಗಳಿಗೊಂದರಂತೆ ಮೂರರಿಂದ ಆರು ತಿಂಗಳು ಕಡಿಮೆ ಪ್ರಮಾಣದ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಕೊಡುತ್ತಾರೆ. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ದೇಹವೇ ಮುಂದುವರಿಸುತ್ತದೆ. ಕೇಂದ್ರವೋ ಸೆಟ್ಟೋ ನಿಜಕ್ಕೂ ಕೆಟ್ಟಿದ್ದರೆ ಮಾತ್ರ ವರ್ಷಗಟ್ಟಲೆ ಹಾರ್ಮೋನು ಬೇಕು. ಜಿಮ್ಮಿನವರು ಕೊಡುವ ಸ್ಟಿರಾಯ್ಡ್ ಮಾತ್ರ ಖಂಡಿತ ಬೇಡ. ಅದು ಎಲುಬಿನ ಬೆಳವಣಿಗೆಯನ್ನು ಬೇಗ ಮುಗಿಸಿಬಿಡುತ್ತದೆ. ಹುಡುಗ ಗಿಡ್ಡಾಗಿಯೇ ಉಳಿಯುತ್ತಾನೆ.

ಮಕ್ಕಳ ತಜ್ಞರನ್ನೋ ಎಂಡೋಕ್ರಿನಾಲಜಿಸ್ಟರನ್ನೋ ಕಾಣಿ. ಹೋಗುವ ಮುನ್ನ ಅಪ್ಪ ಮಗನ ಜೊತೆ ಒಮ್ಮೆ ಕೂತು ಮಾತಾಡಲಿ. ನನಗೂ ದನಿ ಒಡೆದದ್ದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆಯೇ. ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿಬಿಡದಿದ್ದ ಹುಡುಗ ಈಗ ಮೈಕಿನ ಮುಂದಿದ್ದಾನೆ. ನಿಮ್ಮ ಮಗನಿಗೆ ಇದನ್ನು ಹೇಳಿ.