ಪ್ರಬಂಧಗಳ ತೂಕ, ತಕ್ಕಡಿಯ ಆಯ್ಕೆ

ವಿದ್ವತ್ ಸಮ್ಮೇಳನವೆಂದರೆ ನಮ್ಮ ಕಣ್ಣಿಗೆ ಬೀಳುವುದು ಅಲಂಕೃತವಾದ ವೇದಿಕೆ, ಹೂಮಾಲೆ, ಉದ್ಘಾಟನೆಯ ದೀಪ, ಮರುದಿನದ ಪತ್ರಿಕೆಯಲ್ಲಿ ಒಂದು ಭಾವಚಿತ್ರ. ಆದರೆ ಅದರ ನಿಜವಾದ ಕಾರ್ಯ ಇವೆಲ್ಲಕ್ಕೂ ಕೆಲವು ತಿಂಗಳು ಮೊದಲೇ, ಯಾರ ಕಣ್ಣಿಗೂ ಬೀಳದಂತೆ ನಡೆದಿರುತ್ತದೆ. ನಾನಾ ಕಡೆಗಳಿಂದ ಬಂದ ನೂರಾರು ಪ್ರಬಂಧಗಳಲ್ಲಿ ಯಾವುದನ್ನು ಸಭೆಯಲ್ಲಿ ಓದಿಸಬೇಕು, ಯಾವುದನ್ನು ಹಿಂದಿರುಗಿಸಬೇಕು ಎಂಬ ತೀರ್ಮಾನವೇ ಆ ಕಾರ್ಯ. ನಿಮ್ಮ ಮನೆಯ ಮಗನೋ ಮಗಳೋ ಬೆಂಗಳೂರಿನಲ್ಲಿಯೋ ಸುರತ್ಕಲ್ಲಿನಲ್ಲಿಯೋ ಸಂಶೋಧನೆ ಮಾಡುತ್ತಿದ್ದರೆ, ಅವರ ವರ್ಷಗಟ್ಟಲೆಯ ದುಡಿಮೆ ಈ ತೀರ್ಮಾನವನ್ನು ಎದುರುನೋಡುತ್ತ ಕುಳಿತಿರುವುದನ್ನು ನೀವೇ ಕಂಡಿರಬಹುದು. ಗಣಕವಿಜ್ಞಾನದಲ್ಲಂತೂ ಒಳ್ಳೆಯ ಸಮ್ಮೇಳನದಲ್ಲಿ ಪ್ರಬಂಧವು ಸ್ವೀಕೃತವಾಗುವುದು ಮುಂದಿನ ಉದ್ಯೋಗಕ್ಕೇ ಆಧಾರವಾಗುವುದುಂಟು.

ಒಬ್ಬರ ಬರಹವನ್ನು ಅದೇ ಶಾಸ್ತ್ರದಲ್ಲಿ ಪರಿಶ್ರಮವುಳ್ಳ ಇತರರು ಓದಿ ಅಭಿಪ್ರಾಯ ಕೊಡುವುದಕ್ಕೆ ಸಹವಿದ್ವಾಂಸರ ಪರಾಮರ್ಶೆ ಎನ್ನೋಣ. ಒಂದು ಸಾಧಾರಣ ಸಮ್ಮೇಳನಕ್ಕೆ 200 ಪ್ರಬಂಧಗಳು ಬಂದವೆನ್ನಿ. ಒಂದೊಂದನ್ನು ಮೂವರು ಓದಬೇಕಾದರೆ 600 ಅಭಿಪ್ರಾಯಗಳಾದುವು. ಓದುವವರು 50 ಮಂದಿಯಾದರೆ ತಲೆಗೆ 12. ಯಾರಿಗೆ ಯಾವುದು ಹೋಯಿತು, ಯಾರು ಓದಿ ಮುಗಿಸಿದರು, ಯಾರಿಗೆ ನೆನಪು ಮಾಡಬೇಕು ಎಂಬ ಲೆಕ್ಕವನ್ನು ಅಂಚೆಯಲ್ಲಿ, ಖಾತೆಪುಸ್ತಕದಲ್ಲಿ ಇಡಹೊರಟರೆ ಸಂಚಾಲಕರ ಪಾಡು ದೇವರಿಗೇ ಪ್ರೀತಿ. ಆದುದರಿಂದಲೇ ಇದಕ್ಕೆಂದು ತಂತ್ರಾಂಶಗಳು ಹುಟ್ಟಿಕೊಂಡವು.

ಅವುಗಳಲ್ಲಿ ನಾಲ್ಕು ಪ್ರಸಿದ್ಧವಾದವು. ಮೈಕ್ರೋಸಾಫ್ಟ್ ಸಂಸ್ಥೆಯ ಸಿಎಂಟಿ 1999ರಲ್ಲಿ ಒಂದು ಸಮ್ಮೇಳನದ ಉಪಯೋಗಕ್ಕೆಂದೇ ಸಿದ್ಧವಾಯಿತು. ಅದನ್ನು ಉಚಿತವಾಗಿ ಒದಗಿಸುತ್ತಾರೆ. 2002ರಿಂದ ಬಳಕೆಯಲ್ಲಿರುವ ಈಸಿಚೇರ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಆಂಡ್ರೇ ವೊರೊಂಕೊವ್ ಎಂಬವರ ಕೈಯಲ್ಲಿ ರೂಪುಗೊಂಡದ್ದು. ಎಡ್ಡಿ ಕೋಲರ್ ಅವರ ಹಾಟ್‌ಸಿಆರ್‌ಪಿಯ ಮೂಲಬರಹವು ಎಲ್ಲರಿಗೂ ತೆರೆದಿದೆ. ಬಲ್ಲವರು ಅದನ್ನು ತಮ್ಮದೇ ಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಆಂಡ್ರ್ಯೂ ಮೆಕಾಲಮ್ ಅವರ ನೇತೃತ್ವದಲ್ಲಿ ಬೆಳೆದ ಓಪನ್‌ರಿವ್ಯೂ 2013ರಿಂದ ಇದೆ. ಪರಾಮರ್ಶೆಗಳನ್ನೇ ಲೋಕದ ಮುಂದೆ ಇಡಲು ಅದರಲ್ಲಿ ಅವಕಾಶವುಂಟು.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳುವುದು, ಅಳೆಯಬೇಕಾದದ್ದು ಹಾಲೋ ಬಟ್ಟೆಯೋ ಎಂದು ಹೇಳದೆ ಅಳತೆಗೋಲು ಯಾವುದು ಒಳ್ಳೆಯದೆಂದು ಕೇಳಿದಂತೆ. ಮೊದಲು ನಮ್ಮ ನಿಯಮ ನಿಶ್ಚಯವಾಗಬೇಕು, ಆಮೇಲೆ ತಂತ್ರಾಂಶ. ಈ ಕ್ರಮ ತಲೆಕೆಳಗಾದರೆ ತಂತ್ರಾಂಶವು ಯಾವುದಕ್ಕೆ ಎಡೆಗೊಡುತ್ತದೆಯೋ ಅದೇ ನಿಯಮವಾಗಿಬಿಡುತ್ತದೆ.

ನಿಶ್ಚಯಿಸಬೇಕಾದ ಮೊದಲನೆಯ ಮಾತು, ಯಾರು ಏನನ್ನು ಕಾಣಬಹುದು ಎಂಬುದು. ಲೇಖಕನ ಹೆಸರು ಓದುವವನಿಗೆ ತಿಳಿಯಬೇಕೆ? ಸಾರ್ವಜನಿಕ ಪರೀಕ್ಷೆಯಲ್ಲಿ ನಮ್ಮ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲವಷ್ಟೆ. ಅದರ ಮರ್ಮವೇ ಇಲ್ಲಿಯದೂ. 2017ರ ಡಬ್ಲ್ಯುಎಸ್‌ಡಿಎಂ ಎಂಬ ಸಮ್ಮೇಳನದಲ್ಲಿ ಪ್ರತಿಯೊಂದು ಪ್ರಬಂಧವನ್ನೂ ಇಬ್ಬರಿಗೆ ಹೆಸರು ತಿಳಿಸಿ, ಮತ್ತಿಬ್ಬರಿಗೆ ಹೆಸರು ಮರೆಮಾಡಿ ಓದಿಸಿದರು. ಹೆಸರು ಬಲ್ಲವರು ಪ್ರಸಿದ್ಧ ಲೇಖಕರ, ದೊಡ್ಡ ವಿಶ್ವವಿದ್ಯಾನಿಲಯಗಳ, ದೊಡ್ಡ ಕಂಪೆನಿಗಳ ಪ್ರಬಂಧಗಳ ಕಡೆಗೆ ಹೆಚ್ಚು ವಾಲಿದರು. ಸಣ್ಣ ಊರಿನ ಕಾಲೇಜಿನಿಂದ ಬರೆಯುವ ಹುಡುಗಿಯೊಬ್ಬಳಿಗೆ ಇದು ಸಣ್ಣ ವಿಷಯವಲ್ಲ. ಹೆಸರು ಮರೆಮಾಡುವುದೇ ನಿಮ್ಮ ನಿಯಮವಾದರೆ ತಂತ್ರಾಂಶವು ಅದನ್ನು ತಾನಾಗಿಯೇ ನಡೆಸಿಕೊಡಬೇಕು. ಆದರೂ ಒಂದು ಎಚ್ಚರ: ತಂತ್ರಾಂಶವು ಅರ್ಜಿಯ ಮೇಲಿನ ಹೆಸರನ್ನು ಮುಚ್ಚೀತು, ಪ್ರಬಂಧದ ಒಳಗೆ ಲೇಖಕನೇ ಬರೆದುಕೊಂಡ ಹೆಸರನ್ನು ಮುಚ್ಚಲಾರದು.

ಎರಡನೆಯದು, ಸಂಬಂಧಗಳ ವಿಚಾರ. ಗುರುವಿನ ಕೈಗೆ ಶಿಷ್ಯನ ಪ್ರಬಂಧ ಹೋಗಬಾರದು. ಒಂದೇ ಸಂಸ್ಥೆಯವರು, ಕೂಡಿ ಬರೆದವರು ಪರಸ್ಪರ ತೀರ್ಪುಗಾರರಾಗಬಾರದು. ಇಂಥ ಸಂಬಂಧಗಳನ್ನು ಮೊದಲೇ ಘೋಷಿಸಲು, ಘೋಷಿಸಿದ ಮೇಲೆ ಆ ಕಡತವೇ ಅವರಿಗೆ ಕಾಣದಂತೆ ಮಾಡಲು ಅನುಕೂಲವಿದೆಯೇ ನೋಡಿ. ಸಂಚಾಲಕರೇ ಪ್ರಬಂಧ ಕಳುಹಿಸಿದ್ದರೆ ಅದರ ವಿಚಾರ ಅವರಿಗೂ ಮರೆಯಾಗಿರಬೇಕು.

ಮೂರನೆಯದು ಹಂಚಿಕೆ. ಓದುವವರು ತಮಗೆ ಇಂತಿಂಥದು ಬೇಕೆಂದು ಗುರುತು ಹಾಕುವ ಪದ್ಧತಿ ಅನೇಕ ಕಡೆ ಇದೆ. ಯೋಗ್ಯರಿಗೆ ಯೋಗ್ಯವಾದುದು ತಲುಪಲೆಂಬುದು ಇದರ ಉದ್ದೇಶ. ಆದರೆ ಕೆಲವರು ಒಳಗೊಳಗೇ ಕೂಡಿಕೊಂಡು ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಕೇಳಿ ಪಡೆದು ಹೊಗಳುವ ಕೂಟಗಳನ್ನು ಕುರಿತು ಮೈಕೆಲ್ ಲಿಟ್‌ಮನ್ ಎಂಬ ಗಣಕವಿಜ್ಞಾನಿ 2021ರಲ್ಲಿ ಬಹಿರಂಗವಾಗಿ ಎಚ್ಚರಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ! ಆದುದರಿಂದ ಯಂತ್ರ ಮಾಡಿದ ಹಂಚಿಕೆಯನ್ನು ಮನುಷ್ಯರು ಪರಿಶೀಲಿಸಿ ತಿದ್ದುವುದಕ್ಕೆ ಅವಕಾಶವಿರಲೇಬೇಕು.

ನಾಲ್ಕನೆಯದು ಗಡುವು. ಎಷ್ಟೋ ಸಮ್ಮೇಳನಗಳು ಭೂಮಿಯ ಮೇಲೆ ಎಲ್ಲಿಯಾದರೂ ದಿನ ಮುಗಿಯದಿರುವ ತನಕ ಪ್ರಬಂಧ ಸ್ವೀಕರಿಸುತ್ತವೆ. ಆ ಲೆಕ್ಕದ ನಡುರಾತ್ರಿ ನಮ್ಮಲ್ಲಿ ಮರುದಿನ ಸಂಜೆ ಐದೂವರೆ ಗಂಟೆ. ಇದನ್ನು ಲೇಖಕನ ಊರಿನ ಕಾಲಮಾನದಲ್ಲಿ ಸ್ಪಷ್ಟವಾಗಿ ತೋರಿಸದ ತಂತ್ರಾಂಶವು ಕೊನೆಯ ಗಳಿಗೆಯಲ್ಲಿ ಅನ್ಯಾಯಕ್ಕೆ ಕಾರಣವಾದೀತು.

ಇವಲ್ಲದೆ ಎರಡು ವ್ಯವಹಾರದ ಮಾತುಗಳು. ಉಚಿತವೆಂದಾಗ ಏನೇನು ಉಚಿತ, ಎಷ್ಟು ಪ್ರಬಂಧಗಳವರೆಗೆ ಎಂಬುದನ್ನು ಓದಿಕೊಳ್ಳಿ. ಸಮ್ಮೇಳನ ಮುಗಿದ ಬಳಿಕ ಎಲ್ಲ ದಾಖಲೆಗಳನ್ನೂ ಹೊರಗೆ ತೆಗೆದು ಇಟ್ಟುಕೊಳ್ಳಲು ಬರುತ್ತದೆಯೇ ಎಂದು ವಿಚಾರಿಸಿ. ನಿರ್ಧಾರಕ್ಕೆ ಮೊದಲು ಐದಾರು ಸುಳ್ಳು ಪ್ರಬಂಧಗಳನ್ನು ಹಾಕಿ, ಲೇಖಕ, ಪರಾಮರ್ಶಕ, ಸಂಚಾಲಕ ಈ ಮೂರು ವೇಷಗಳಲ್ಲಿಯೂ ಒಳಹೊಕ್ಕು ನೋಡುವುದು ಜಾಣತನ. ಕಾಣಬಾರದ್ದು ಕಂಡರೆ ಆಗಲೇ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ತೀರ್ಪು ದೋಷರಹಿತವಾಗುವುದೆಂದಲ್ಲ. 2014ರಲ್ಲಿ ನಿಪ್ಸ್ ಸಮ್ಮೇಳನದವರು 166 ಪ್ರಬಂಧಗಳನ್ನು ಎರಡು ಪ್ರತ್ಯೇಕ ಸಮಿತಿಗಳಿಗೆ ಕೊಟ್ಟು ನೋಡಿದರು. 43ರ ವಿಷಯದಲ್ಲಿ ಒಂದು ಸಮಿತಿ ಬೇಕೆಂದದ್ದನ್ನು ಮತ್ತೊಂದು ಬೇಡವೆಂದಿತು! ಸಮ್ಮೇಳನ ಒಂದೇ, ನಿಯಮ ಒಂದೇ. ಓದಿದವರು ಮಾತ್ರ ಬೇರೆ. ಒಳ್ಳೆಯ ತಂತ್ರಾಂಶವು ಕಡತ ಕಳೆಯದಂತೆ, ಗುಟ್ಟು ಒಡೆಯದಂತೆ, ಸರದಿ ತಪ್ಪದಂತೆ ನೋಡಿಕೊಂಡೀತು. ಪ್ರಬಂಧವನ್ನು ತಾಳ್ಮೆಯಿಂದ ಓದುವ ಕೆಲಸ ವಿದ್ವಾಂಸರದೇ. ಹೀಗಿರುವಾಗ ಹಿಂದಿರುಗಿದ ಪ್ರಬಂಧದೊಡನೆ ಮಗುವು ಮುಖ ಬಾಡಿಸಿಕೊಂಡು ಮನೆಗೆ ಬಂದರೆ, ಅದರೊಡನೆ ಬಂದ ಅಭಿಪ್ರಾಯಗಳನ್ನು ಶಾಂತವಾಗಿ ಓದಿ, ತಿದ್ದಿ, ಇನ್ನೊಂದು ಕಡೆಗೆ ಕಳುಹಿಸು ಎಂದು ಹೇಳಲು ನಿಮಗೆ ಸಾಕಷ್ಟು ಆಧಾರವುಂಟು.