ಬೆಕ್ಕಿನ ಬಾಲ ಹೇಳುವ ಮಾತು

ರಾಜಾಜಿನಗರ, ವಿಜಯನಗರಗಳ ಅಡ್ಡರಸ್ತೆಗಳಲ್ಲಿ ಕಾಂಪೌಂಡ್ ಗೋಡೆಯ ಮೇಲೆ ನಡೆದು ಬರುವ ಬೆಕ್ಕನ್ನು ನೀವು ದಿನವೂ ನೋಡುತ್ತೀರಿ. ಮುಟ್ಟುವ ಮೊದಲು ಅದರ ಬಾಲವನ್ನು ಗಮನಿಸಿದ್ದೀರಾ?

ಬಾಲವನ್ನು ನೆಟ್ಟಗೆ ಮೇಲೆತ್ತಿಕೊಂಡು ಬಂದರೆ ಅದು ಸ್ನೇಹದ ಸೂಚನೆ. ಮರಿಗಳು ತಾಯಿಯನ್ನು ಎದುರುಗೊಳ್ಳುವುದೂ ಹೀಗೆಯೇ. ಬಾಲದ ರೋಮವೆಲ್ಲ ನಿಮಿರಿದ್ದರೆ ಅದು ಬೆದರಿದೆ; ಚರ್ಮದಡಿಯ ಸಣ್ಣ ಸ್ನಾಯುಗಳು ಕೂದಲನ್ನೆತ್ತಿ ದೇಹವನ್ನು ದೊಡ್ಡದಾಗಿ ತೋರಿಸುತ್ತವೆ. ನಾಯಿ ಬಾಲ ಅಲ್ಲಾಡಿಸಿದರೆ ಸಾಮಾನ್ಯವಾಗಿ ಸಂತೋಷ. ಬೆಕ್ಕು ಬಾಲವನ್ನು ಅತ್ತಿತ್ತ ಬಡಿದರೆ ಸಿಟ್ಟು. ಆಗ ಕೈ ಹಿಂತೆಗೆದುಕೊಳ್ಳಿ. ಕಣ್ಣು ಒಂದೆಡೆ ನೆಟ್ಟು, ಬಾಲದ ತುದಿ ಮಾತ್ರ ಅಲುಗುತ್ತಿದ್ದರೆ ಅದು ಬೇಟೆಯ ಲಹರಿ. ಆಟಕ್ಕೆ ಇದೇ ಸಮಯ.

ಆಡಿಸುವುದು ಹೇಗೆ? ಕೋಲಿನ ತುದಿಗೆ ದಾರ, ದಾರದ ತುದಿಗೆ ಬಟ್ಟೆಯ ತುಂಡು ಕಟ್ಟಿ. ಇಲಿ ಓಡುವಂತೆ ಅದನ್ನು ಬೆಕ್ಕಿನಿಂದ ದೂರಕ್ಕೆ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಕೊನೆಗೆ ಹಿಡಿಯಲು ಬಿಡಿ. ಬರಿಗೈಯನ್ನು ಆಟಿಕೆ ಮಾಡಬೇಡಿ. ಆಟ ಮುಗಿದೊಡನೆ ದಾರ ಎತ್ತಿಡಿ. ಬೆಕ್ಕು ನುಂಗಿದರೆ ಕರುಳಿಗೆ ಅಪಾಯ.

ಬಾಲ ಹಿಡಿದು ಎಳೆಯಲೇಬಾರದು. ಅದು ಬೆನ್ನೆಲುಬಿನ ಮುಂದುವರಿಕೆ. ಬುಡದ ನರಗಳಿಗೆ ಪೆಟ್ಟಾದರೆ ಬೆಕ್ಕಿಗೆ ಮೂತ್ರದ ಹಿಡಿತವೇ ತಪ್ಪಬಹುದು.

ಬೆಕ್ಕು ಪರಚಿದರೆ, ಕಚ್ಚಿದರೆ, ಬೈಗುಳಕ್ಕೆ ಹೆದರಿ ಮನೆಯಲ್ಲಿ ಮುಚ್ಚಿಡಬೇಡಿ. ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ಗಾಯ ತೊಳೆದು, ಅಂದೇ ವೈದ್ಯರನ್ನು ಕಾಣಿರಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವವರು ತೀರ ವಿರಳ. ಸಕಾಲದ ಲಸಿಕೆ ಜೀವ ಉಳಿಸುತ್ತದೆ.

ಇಂದು ಸಂಜೆ ಬೆಕ್ಕು ಎದುರಾದಾಗ ಮೊದಲು ಬಾಲ ಓದಿ, ಆಮೇಲೆ ಕೈ ಚಾಚಿ.